ಕ್ಯಾಪ್ಟನ್ ಬ್ರೌನ್ ಏಕೆ ಸತ್ತ?

ಕಾದಂಬರಿ ಓದುವ ಹೆಂಗಸರು ನಾಲ್ಕು ಜನ ಒಂದೆಡೆ ಸೇರಿದರೆ ಈ ಪ್ರಶ್ನೆ ಬಂದೇ ಬರುತ್ತದೆ. "ಅಲ್ಲಾ, ಈ ಬರೆಯುವವರು ಕಥೆಯನ್ನು ಕೊನೆಯವರೆಗೂ ಮೊದಲೇ ಯೋಚಿಸಿಕೊಂಡು ಕೂರುತ್ತಾರೋ, ಇಲ್ಲ ಬರೆಯುತ್ತಾ ಬರೆಯುತ್ತಾ ಅದೇ ಹುಟ್ಟಿಕೊಳ್ಳುತ್ತದೋ?" ನಾನು ಬಹಳ ವರ್ಷ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವಳಾದ್ದರಿಂದ ನನಗೆ ಉತ್ತರ ಗೊತ್ತಿರಲೇಬೇಕೆಂದು ಎಲ್ಲರ ನಂಬಿಕೆ. ರಂಗೋಲಿಯಲ್ಲಿ ಎರಡು ಬಗೆ ಇಲ್ಲವೇ, ಚುಕ್ಕಿಯಿಟ್ಟು ಎಳೆ ಸೇರಿಸುವುದು ಒಂದು, ಚುಕ್ಕಿಯೇ ಇಲ್ಲದೆ ಕೈ ಹೋದಂತೆ ಬಳ್ಳಿ ಬಿಡಿಸುವುದು ಇನ್ನೊಂದು; ಕಾದಂಬರಿಕಾರರಲ್ಲೂ ಅದೇ ಎರಡು ಪಂಗಡ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಆದರೆ ಚುಕ್ಕಿಯೆಲ್ಲ ಇಟ್ಟಾದ ಮೇಲೆ ಹಾಲಿನವನು ಬಂದು ಅದರ ಮೇಲೇ ಸೈಕಲ್ ನಿಲ್ಲಿಸಿದರೆ? ಒಳಗಿನಿಂದ ಮಗು ಅತ್ತರೆ? ಆಗ ಆ ರಂಗೋಲಿ ಏನಾಗುತ್ತದೆ ಎನ್ನುವುದೇ ನನಗೆ ಹೆಚ್ಚು ಕುತೂಹಲದ ವಿಷಯ. ಅದಕ್ಕೆ ಇಂಗ್ಲೆಂಡಿನ ಎಲಿಜಬೆತ್ ಗ್ಯಾಸ್ಕೆಲ್‌ಳ ಬದುಕಿಗಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ.

ಆಕೆ ಹುಟ್ಟಿದ್ದು 1810 ರಲ್ಲಿ. ವರ್ಷ ತುಂಬಿ ಒಂದು ತಿಂಗಳಾಗುವಷ್ಟರಲ್ಲಿ ತಾಯಿ ತೀರಿಕೊಂಡಳು. ಚೆಷೈರ್ ಪ್ರಾಂತದ ನಟ್ಸ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ ತಾಯಿಯ ಸೋದರಿ ಸಾಕಿ ಬೆಳೆಸಿದಳು. 1832 ರಲ್ಲಿ ಮ್ಯಾಂಚೆಸ್ಟರಿನ ಪಾದ್ರಿ ವಿಲಿಯಂ ಗ್ಯಾಸ್ಕೆಲ್‌ನ ಕೈಹಿಡಿದಳು. ಮನೆ, ಮಕ್ಕಳು, ಚರ್ಚಿನ ಕೆಲಸ, ಬಡವರ ಕೇರಿಗಳ ಓಡಾಟ. 1845 ರಲ್ಲಿ, ಇನ್ನೂ ವರ್ಷ ತುಂಬದ ಗಂಡುಮಗು ವಿಲಿ ಕೆಂಪುಜ್ವರದಿಂದ ಸತ್ತಿತು. ತಾಯಿ ಮಂಕಾಗಿ ಕುಳಿತಳು. ದುಃಖ ಮರೆಯಲಾದರೂ ಏನಾದರೂ ಬರೆ ಎಂದು ಗಂಡ ಒತ್ತಾಯಿಸಿದ. ಹಾಗೆ ಹುಟ್ಟಿದ್ದು 1848 ರಲ್ಲಿ ಹೆಸರಿಲ್ಲದೆ ಅಚ್ಚಾದ 'ಮೇರಿ ಬಾರ್ಟನ್'.

ಈ ಮೊದಲ ಪುಸ್ತಕದಲ್ಲೇ ಹಾಲಿನವನ ಸೈಕಲ್ ಬಂದು ನಿಂತಿತು ನೋಡಿ. ಆಕೆಯ ಮನಸ್ಸಿನಲ್ಲಿದ್ದ ನಾಯಕ ಜಾನ್ ಬಾರ್ಟನ್, ಹಸಿವು ಮತ್ತು ಕೋಪದಿಂದ ಕೊಲೆಗಾರನಾಗುವ ಗಿರಣಿ ಕಾರ್ಮಿಕ. ಮಿಕ್ಕ ಪಾತ್ರಗಳೆಲ್ಲ ಅವನ ಸುತ್ತ ಬೆಳೆದವು, ಪುಸ್ತಕಕ್ಕೂ ಅವನದೇ ಹೆಸರಿತ್ತು ಎಂದು ಆಕೆಯೇ ಪತ್ರಗಳಲ್ಲಿ ಹೇಳಿಕೊಂಡಿದ್ದಾಳೆ. ಪ್ರಕಾಶಕರಿಗೆ ಕೊಲೆಗಾರನ ಹೆಸರಿಗಿಂತ ಅವನ ಚೆಲುವೆ ಮಗಳ ಹೆಸರು ಹಿತವೆನಿಸಿತು. ಹೀಗೆ ಪುಸ್ತಕ ಮೇರಿಯದಾಯಿತು. ಇಂದಿಗೂ ವಿದ್ಯಾರ್ಥಿನಿಯರು ನಾಯಕಿ ಮೇರಿ ಎಂದೇ ಉತ್ತರ ಬರೆಯುತ್ತಾರೆ.

1850 ರಲ್ಲಿ ಸಂಸಾರ ಮ್ಯಾಂಚೆಸ್ಟರಿನ ಪ್ಲಿಮತ್ ಗ್ರೋವ್ ಎಂಬಲ್ಲಿನ ದೊಡ್ಡ ಮನೆಗೆ ಬಂತು. ಯಜಮಾನನಿಗೆ ಓದುವ ಕೋಣೆ ಬೇರೆ ಇತ್ತು. ಯಜಮಾನಿ ಬರೆಯುತ್ತಿದ್ದದ್ದು ಊಟದ ಕೋಣೆಯಲ್ಲಿ. ಅಡುಗೆಯವಳು ಬಂದು ಕೇಳಬೇಕು, ನಾಲ್ವರು ಹೆಣ್ಣುಮಕ್ಕಳು ಬಂದು ದೂರಬೇಕು, ಬಾಗಿಲಿಗೆ ಯಾರು ಬಂದರೆಂದು ಕಿವಿಗೆ ಬೀಳಬೇಕು. ಆ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಚೆನ್ನಾಗಿ ದುರಸ್ತಿ ಮಾಡಿಸಿ 2014 ರಲ್ಲಿ ಜನರಿಗೆ ತೆರೆದರು. ಯಾರಾದರೂ ಮ್ಯಾಂಚೆಸ್ಟರಿನಲ್ಲಿ ಮಗನ ಮನೆಗೋ ಮಗಳ ಮನೆಗೋ ಹೋದರೆ ಆ ಊಟದ ಕೋಣೆಯನ್ನು ನೋಡಿಕೊಂಡು ಬನ್ನಿ. ನಮ್ಮ ಮನೆಗಳ ನಡುಮನೆಯ ನೆನಪಾಗದಿದ್ದರೆ ಕೇಳಿ.

ಇದೇ ಹೊತ್ತಿಗೆ ಲಂಡನ್ನಿನಲ್ಲಿ ಚಾರ್ಲ್ಸ್ ಡಿಕನ್ಸ್ 'ಹೌಸ್‌ಹೋಲ್ಡ್ ವರ್ಡ್ಸ್' ಎಂಬ ವಾರಪತ್ರಿಕೆ ಶುರುಮಾಡಿದ. ಎರಡು ಪೆನ್ನಿ ಬೆಲೆ, ಇಪ್ಪತ್ತನಾಲ್ಕು ಪುಟ. ಮೊದಲ ಸಂಚಿಕೆಗೇ ಆಕೆಯಿಂದ ಕಥೆ ಕೇಳಿ ತರಿಸಿಕೊಂಡ. ಅದಕ್ಕೆ ಇಪ್ಪತ್ತು ಪೌಂಡು ಸಂಭಾವನೆ ಬಂತು. ಗಂಡ ಅದನ್ನು ಸಮಾಧಾನವಾಗಿ ತೆಗೆದು ತನ್ನ ಜೇಬಿಗಿಟ್ಟು ಗುಂಡಿ ಹಾಕಿಕೊಂಡನೆಂದು ಆಕೆ ಗೆಳತಿಗೆ ಬರೆದಿದ್ದಾಳೆ. ಕಾನೂನೂ ಅವನ ಪರವೇ ಇತ್ತು. ಮದುವೆಯಾದ ಹೆಣ್ಣಿನ ಗಳಿಕೆ ಆಗ ಗಂಡನದು. (1856 ರಲ್ಲಿ ಈ ಕಾನೂನು ಬದಲಾಗಲೆಂದು ಹೆಂಗಸರು ಮನವಿ ಸಲ್ಲಿಸಿದಾಗ ಆಕೆಯೂ ಸಹಿ ಹಾಕಿದಳು.) ಡಿಕನ್ಸ್ ಮಾತ್ರ ಪತ್ರಗಳಲ್ಲಿ ಆಕೆಯನ್ನು ಶಹರಜಾದೆ ಎಂದು ಕರೆದು ಹೊಗಳುತ್ತಿದ್ದ. ರಾತ್ರಿಗೊಂದು ಕಥೆ ಹೇಳಿ ಸುಲ್ತಾನನಿಂದ ತಲೆ ಉಳಿಸಿಕೊಂಡವಳ ಹೆಸರು! ಹಾಗಾದರೆ ಸುಲ್ತಾನ ಯಾರೆಂದು ಆತ ಯೋಚಿಸಿದ್ದನೋ ಇಲ್ಲವೋ.

ಡಿಕನ್ಸ್ ಕೂಡ 1836 ರಲ್ಲಿ 'ಪಿಕ್‌ವಿಕ್' ಶುರುಮಾಡಿದಾಗ ಚುಕ್ಕಿಯಿಲ್ಲದ ರಂಗೋಲಿಯವನೇ. ಹತ್ತು ವರ್ಷ ಕಳೆದು 'ಡಾಂಬಿ ಅಂಡ್ ಸನ್' ಬರೆಯುವ ಹೊತ್ತಿಗೆ ಪಕ್ಕಾ ಲೆಕ್ಕದ ಮನುಷ್ಯನಾಗಿದ್ದ. ತಿಂಗಳಿಗೆ ಮೂವತ್ತೆರಡು ಪುಟದ ಒಂದು ಕಂತು. ಪ್ರತಿ ಕಂತಿಗೂ ಒಂದು ಹಾಳೆ, ಅದಕ್ಕೆ ಎರಡು ಭಾಗ. ಎಡಗಡೆ ತನ್ನನ್ನೇ ಕೇಳಿಕೊಳ್ಳುವ ಪ್ರಶ್ನೆಗಳು: ಇಂಥವಳನ್ನು ಈ ಸಲ ತರಬೇಕೇ, ಬೇಡ, ಮುಂದಿನ ಸಲ. ಬಲಗಡೆ ಅಧ್ಯಾಯಗಳ ಪಟ್ಟಿ. ಮದುವೆ ಮನೆಯಲ್ಲಿ ಸಾಮಾನಿನ ಚೀಟಿ ಹಿಡಿದು ಒಂದೊಂದಕ್ಕೂ ಗುರುತು ಹಾಕುವ ಹಿರಿಯರ ಹಾಗೆ. ಆ ಹಾಳೆಗಳು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿ ಇವೆ. ಆದರೂ 1850 ರ ಮೇ ತಿಂಗಳಲ್ಲಿ, 'ಡೇವಿಡ್ ಕಾಪರ್‌ಫೀಲ್ಡ್' ಮುಕ್ಕಾಲು ಪಾಲು ಅಚ್ಚಾಗುತ್ತಾ ಬಂದಾಗ, ಡೇವಿಡನ ಎಳೆಯ ಹೆಂಡತಿ ಡೋರಾಳ ಗತಿ ಏನು ಮಾಡುವುದೆಂದು ಇನ್ನೂ ತೀರ್ಮಾನವಾಗಿಲ್ಲ, ಇವತ್ತು ಮಾಡಲೇಬೇಕು ಎಂದು ಸ್ನೇಹಿತ ಫಾರ್‌ಸ್ಟರ್‌ಗೆ ಬರೆಯುತ್ತಾನೆ. ಪಾಪ, ಡೋರಾ ಉಳಿಯಲಿಲ್ಲ.

ಅದೇ ಕಾದಂಬರಿಯಲ್ಲಿ ಮಿಸ್ ಮೌಚರ್ ಎಂಬ ಕುಳ್ಳಿಯೊಬ್ಬಳಿದ್ದಾಳೆ. ಮೊದಲು ಬಂದಾಗ ಚಾಲಾಕಿ, ಸ್ವಲ್ಪ ನೀಚಬುದ್ಧಿಯವಳಂತೆ ಕಾಣುತ್ತಾಳೆ. 1849 ರ ಡಿಸೆಂಬರಿನಲ್ಲಿ ಡಿಕನ್ಸನ ನೆರೆಯವಳಾದ ಜೇನ್ ಸೀಮೋರ್ ಹಿಲ್ ಎಂಬಾಕೆ, ತಾನೂ ಕುಳ್ಳಿ, ಜನರ ಕಾಲಿನ ಆಣಿ ತೆಗೆದು ಆರೈಕೆ ಮಾಡಿ ಬದುಕುವವಳು, ನೊಂದು ಅವನಿಗೆ ಪತ್ರ ಬರೆದಳು. ಓದಿದವರೆಲ್ಲ ಇದು ನಾನೇ ಎನ್ನುತ್ತಾರೆ, ನನ್ನ ದೇಹದ ಕೊರತೆ ಹೊರುವುದಷ್ಟೇ ಸಾಲದೆ ಇದನ್ನೂ ಹೊರಬೇಕೇ ಎಂಬುದು ಅದರ ಸಾರ. ಡಿಕನ್ಸ್ ತನ್ನ ಯೋಜನೆಯನ್ನು ತಿರುಗಿಸಿದ. ಮೂರು ತಿಂಗಳ ನಂತರದ ಕಂತಿನಲ್ಲಿ ಮಿಸ್ ಮೌಚರ್ ಒಳ್ಳೆಯವಳಾಗಿ, ಮರ್ಯಾದೆಯಿಂದ ಮಾತಾಡುವವಳಾಗಿ ಬಂದಳು. ಕಥೆಯ ದೃಷ್ಟಿಯಿಂದ ಆ ತಿರುವು ಕೊಂಚ ಎದ್ದು ಕಾಣುತ್ತದೆ ಎನ್ನುವ ವಿಮರ್ಶಕರಿದ್ದಾರೆ. ಕಾಣಲಿ ಬಿಡಿ.

ಈಗ ಕ್ಯಾಪ್ಟನ್ ಬ್ರೌನ್‌ನ ವಿಷಯ. 1851 ರ ಡಿಸೆಂಬರಿನಲ್ಲಿ ಶ್ರೀಮತಿ ಗ್ಯಾಸ್ಕೆಲ್ ತಾನು ಬೆಳೆದ ನಟ್ಸ್‌ಫರ್ಡನ್ನು ನೆನೆದು, ಅದಕ್ಕೆ ಕ್ರ್ಯಾನ್‌ಫರ್ಡ್ ಎಂಬ ಹೆಸರಿಟ್ಟು ಒಂದು ಬರಹ ಕಳಿಸಿದಳು. ಆ ಊರು ಹೆಂಗಸರದು. ಮದುವೆಯಾಗದೆ ಉಳಿದವರು, ಗಂಡ ಸತ್ತವರು, ಕೈಯಲ್ಲಿ ಕಾಸಿಲ್ಲದಿದ್ದರೂ ಅದನ್ನು ಬಾಯಿಬಿಟ್ಟು ಹೇಳದೆ, ಒಂದು ಮೇಣದಬತ್ತಿ ಉಳಿಸುತ್ತಾ ಮಾನದಿಂದ ಬಾಳುವವರು. ಅಲ್ಲಿಗೆ ಬರುತ್ತಾನೆ ಬ್ರೌನ್, ತಾನು ಬಡವನೆಂದು ಬೀದಿಯಲ್ಲಿ ಗಟ್ಟಿಯಾಗಿ ಹೇಳುವ ಒರಟು ಒಳ್ಳೆಯ ಮನುಷ್ಯ. ಅವನಿಗೆ 'ಪಿಕ್‌ವಿಕ್' ಎಂದರೆ ಪ್ರಾಣ. ಊರಿನ ಹಿರಿಯಕ್ಕನಂತಿದ್ದ ಡೆಬೊರಾ ಜೆಂಕಿನ್ಸ್‌ಗೆ ಹಳೆಯ ಡಾಕ್ಟರ್ ಜಾನ್ಸನ್ ಬಿಟ್ಟರೆ ಬೇರೆ ಸಾಹಿತ್ಯವಿಲ್ಲ. ಹೊಸ ಕಂತು ಕೈಗೆ ಬಂದು ಓದುತ್ತಾ ನಿಂತಿದ್ದ ಬ್ರೌನ್, ಹಳಿಯ ಮೇಲೆ ಮಗುವೊಂದನ್ನು ಕಂಡು ಓಡಿ ಉಳಿಸಲು ಹೋಗಿ ರೈಲಿಗೆ ಸಿಕ್ಕಿ ಸಾಯುತ್ತಾನೆ.

ಪತ್ರಿಕೆಯ ಪುಟಪುಟದ ನೆತ್ತಿಯ ಮೇಲೂ ಡಿಕನ್ಸನ ಹೆಸರು ಅಚ್ಚಾಗುತ್ತಿತ್ತು. ತನ್ನ ಪತ್ರಿಕೆಯಲ್ಲಿ ತನ್ನ ಪುಸ್ತಕದ ಹೊಗಳಿಕೆ ಬರುವುದು ಅವನಿಗೆ ಮುಜುಗರವಾಯಿತು. 'ಪಿಕ್‌ವಿಕ್' ತೆಗೆದು ಹುಡ್ ಎಂಬ ಕವಿಯ ಪುಸ್ತಕವನ್ನು ಬ್ರೌನ್‌ನ ಕೈಗಿತ್ತ. ಆಕೆ ಒಪ್ಪದೆ ಬರಹವನ್ನೇ ವಾಪಸು ಕೇಳುವಷ್ಟರಲ್ಲಿ ಅಚ್ಚಾಗಿಹೋಗಿತ್ತು. 1853 ರಲ್ಲಿ ಪುಸ್ತಕವಾದಾಗ ಆಕೆ ಮರೆಯದೆ 'ಪಿಕ್‌ವಿಕ್' ಅನ್ನೇ ಹಿಂದಕ್ಕೆ ತಂದಳು.

ಬ್ರೌನ್‌ನನ್ನು ಮಾತ್ರ ತರಲಾಗಲಿಲ್ಲ. 1865 ರಲ್ಲಿ ಜಾನ್ ರಸ್ಕಿನ್‌ಗೆ ಬರೆದ ಪತ್ರದಲ್ಲಿ ಆಕೆ ಈ ವಿಷಯ ತಿಳಿಸುತ್ತಾಳೆ: ಕ್ರ್ಯಾನ್‌ಫರ್ಡ್ ಒಂದೇ ಬರಹವೆಂದು ಕೊಂಡಿದ್ದೆ, ಇನ್ನು ಮುಂದುವರಿಸುವ ಯೋಚನೆಯೇ ಇರಲಿಲ್ಲ, ಹಾಗಾಗಿ ಮನಸ್ಸಿಲ್ಲದ ಮನಸ್ಸಿನಿಂದ ಬ್ರೌನ್‌ನನ್ನು ಕೊಂದೆ ಎಂದು. ಬ್ರೌನ್ ಸತ್ತದ್ದು ಕಥೆಗೆ ಅವನ ಸಾವು ಬೇಕಿತ್ತೆಂದಲ್ಲ, ಬರಹಕ್ಕೊಂದು ಮುಕ್ತಾಯ ಬೇಕಿತ್ತೆಂದು! ಅದೇ ಮೊದಲ ಬರಹ ಮುಗಿಯುವಷ್ಟರಲ್ಲಿ ಡೆಬೊರಾಳೂ ಮುದುಕಿಯಾಗಿ ಹಾಸಿಗೆ ಹಿಡಿದಿದ್ದಳು. ಓದುಗರು ಇನ್ನೂ ಬೇಕೆಂದರು, ಡಿಕನ್ಸ್ ಬೆನ್ನುಬಿದ್ದ. ಇಬ್ಬರು ಗಟ್ಟಿ ಪಾತ್ರಗಳನ್ನು ಕಳೆದುಕೊಂಡು ಕುಳಿತ ಲೇಖಕಿಯ ಬಳಿ ಉಳಿದದ್ದು ಡೆಬೊರಾಳ ತಂಗಿ, ಅಕ್ಕನ ನೆರಳಿನಲ್ಲಿ ಬಾಯಿಬಿಡದೆ ಬದುಕಿದ, ಏನೂ ತಿಳಿಯದವಳೆಂದು ಎಲ್ಲರೂ ಬಗೆದಿದ್ದ ಮ್ಯಾಟಿ. ಆ ಮ್ಯಾಟಿ ಇಂಗ್ಲಿಷ್ ಕಾದಂಬರಿಯ ಅತಿ ಪ್ರೀತಿಯ ಹೆಂಗಸರಲ್ಲಿ ಒಬ್ಬಳಾದಳು. ಬ್ಯಾಂಕು ಮುಳುಗಿ ಹಣ ಹೋದಾಗ, ಮನೆಯಲ್ಲೇ ಚಹಾಪುಡಿ ಮಾರಲು ಕೂರುವ ಮ್ಯಾಟಿಯನ್ನು ಒಮ್ಮೆ ಓದಿದವರು ಮರೆಯುವುದಿಲ್ಲ. ಅಕ್ಕ ಬದುಕಿದ್ದರೆ ಆಕೆ ಅಡುಗೆಮನೆಯಿಂದ ಹೊರಗೆ ಬರುತ್ತಲೇ ಇರಲಿಲ್ಲ.

ಇನ್ನೊಂದು ಎಳೆಯಿದೆ. ಎಲಿಜಬೆತ್‌ಗೆ ಜಾನ್ ಎಂಬ ಒಬ್ಬನೇ ಅಣ್ಣ. ಹಡಗಿನ ಕೆಲಸಕ್ಕೆ ಸೇರಿದ್ದವನು 1828 ರ ಸುಮಾರಿಗೆ ಕಾಣೆಯಾದ. ಹಡಗಿನಲ್ಲಿ ಸತ್ತನೋ, ಯಾವ ತೀರದಲ್ಲಿ ಇಳಿದನೋ, ಸುದ್ದಿಯೇ ಇಲ್ಲ. ಕ್ರ್ಯಾನ್‌ಫರ್ಡಿನ ಮ್ಯಾಟಿಗೂ ಪೀಟರ್ ಎಂಬ ತಮ್ಮ. ಅಪ್ಪ ಎಲ್ಲರೆದುರು ಹೊಡೆದ ಅವಮಾನಕ್ಕೆ ಮನೆಬಿಟ್ಟು ಹಡಗು ಹತ್ತಿದವನು. ಕೊನೆಗೆ ಅವನು ನಮ್ಮ ಭಾರತದಿಂದ, ಮುದುಕನಾಗಿ, ಅಕ್ಕನಿಗೆ ಕೊಡಲು ಮಸ್ಲಿನ್ ಬಟ್ಟೆ ಹಿಡಿದು ಮನೆಗೆ ಬರುತ್ತಾನೆ. ಇದನ್ನು ಆಕೆ ಯಾವ ಹಾಳೆಯ ಎಡಭಾಗದಲ್ಲಿ ಪ್ರಶ್ನೆಯಾಗಿ ಬರೆದುಕೊಳ್ಳಬೇಕಿತ್ತು? ಇಪ್ಪತ್ತೈದು ವರ್ಷದಿಂದ ಒಳಗೇ ಇದ್ದ ಪ್ರಶ್ನೆ ಅದು.

ನಮ್ಮ ಕಡೆ ಧಾರಾವಾಹಿಯ ರುಚಿ ಗೊತ್ತಿಲ್ಲದ ಮನೆ ಯಾವುದು? ನನ್ನ ಅಮ್ಮ ವಾರಪತ್ರಿಕೆಯಿಂದ ಧಾರಾವಾಹಿಯ ಹಾಳೆಗಳನ್ನು ಬಿಡಿಸಿಟ್ಟು, ಕಥೆ ಮುಗಿದ ಮೇಲೆ ಗೋಣಿದಬ್ಬಳದಲ್ಲಿ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕುತ್ತಿದ್ದಳು. ಬೀದಿಯೆಲ್ಲ ಅದನ್ನು ಓದುತ್ತಿತ್ತು. ಅದರ ಇನ್ನೊಂದು ಮಗ್ಗುಲು ನನಗೆ ತಿಳಿದದ್ದು ನಾನೇ ಒಂದು ಪತ್ರಿಕೆಗೆ ಧಾರಾವಾಹಿ ಬರೆದಾಗ. ಇಪ್ಪತ್ತಾರು ವಾರ ಎಂದು ಮಾತಾಗಿತ್ತು. ಹದಿನೇಳನೆಯ ವಾರಕ್ಕೆ ಒಂದು ಕಾರ್ಡು ಬಂತು: ಮುಂದಿನವರ ಕಾದಂಬರಿ ಸಿದ್ಧವಿದೆ, ನಾಲ್ಕು ಕಂತಿನಲ್ಲಿ ದಯವಿಟ್ಟು ಮುಗಿಸಿ. ಒಂದು ವಾರದಲ್ಲಿ ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿ, ಮುಂದಿನ ವಾರ ಮೇಲಕ್ಕೆ ಕಳಿಸಿ, ಮೂರನೆಯ ವಾರ ಮೈದುನನಿಗೆ ಬುದ್ಧಿ ಬರಿಸಿದೆ. ಆ ಅತ್ತೆ ಹತ್ತು ವಾರ ಸೊಸೆಯೊಡನೆ ಮಾತಾಡದೆ ಇದ್ದು, ಆಮೇಲೆ ಒಂದು ಮಧ್ಯಾಹ್ನ ಬಾಯಿಬಿಡಬೇಕಾಗಿತ್ತು. ಆಕೆ ಏನು ಹೇಳುತ್ತಿದ್ದಳೆಂಬುದು ನನ್ನ ನೋಟುಬುಕ್ಕಿನಲ್ಲಿ ಹಾಗೇ ಇದೆ. ಪುಸ್ತಕವಾಗಿ ಅದು ಬರಲೇ ಇಲ್ಲ.

ಆದ್ದರಿಂದಲೇ 'ನಾರ್ತ್ ಅಂಡ್ ಸೌತ್' ಹುಟ್ಟಿದ ಕಥೆಯನ್ನು ಪಾಠ ಮಾಡುವಾಗ ನನಗೆ ತಟಸ್ಥಳಾಗಿರಲು ಕಷ್ಟವಾಗುತ್ತಿತ್ತು. ಅದು 'ಹೌಸ್‌ಹೋಲ್ಡ್ ವರ್ಡ್ಸ್'ನಲ್ಲಿ 1854 ರ ಸೆಪ್ಟೆಂಬರಿನಿಂದ 1855 ರ ಜನವರಿಯವರೆಗೆ ಬಂತು. ಅದರ ಮುಂಚೆ ಅದೇ ಜಾಗದಲ್ಲಿ ಡಿಕನ್ಸನ 'ಹಾರ್ಡ್ ಟೈಮ್ಸ್' ಬರುತ್ತಿತ್ತು. ಅದೂ ಉತ್ತರದ ಗಿರಣಿ ಊರಿನ ಕಥೆ. ತಾನು ಇಟ್ಟುಕೊಂಡ ಮುಷ್ಕರದ ಪ್ರಸಂಗವನ್ನು ಸಂಪಾದಕನೇ ಬರೆದುಬಿಟ್ಟರೆ ಗತಿಯೇನೆಂದು ಆಕೆ ಮೊದಲೇ ವಿಚಾರಿಸಿಕೊಂಡಳು. ತಾನು ಮುಷ್ಕರ ಮಾಡಿಸುವುದಿಲ್ಲ, ಹೆದರಬೇಡಿ ಎಂದು ಅವನು ಉತ್ತರಿಸಿದ. ಆಕೆ ಇಟ್ಟ ಹೆಸರು 'ಮಾರ್ಗರೆಟ್ ಹೇಲ್'. 'ನಾರ್ತ್ ಅಂಡ್ ಸೌತ್' ಎಂಬುದು ಅವನ ಸೂಚನೆ. ಐದು ಸಾವುಗಳು ಬರುವುದರಿಂದ 'ಸಾವು ಮತ್ತು ಅದರ ಬಗೆಗಳು' ಎಂದಿಟ್ಟರೆ ಇನ್ನೂ ಚೆನ್ನ ಎಂದು ಆಕೆ ತಮಾಷೆ ಮಾಡಿದಳು. ಆ ತಮಾಷೆಯಲ್ಲಿ ಸುಸ್ತು ಕೇಳಿಸುತ್ತದೆ.

ಡಿಕನ್ಸನಿಗೆ ಪ್ರತಿ ವಾರ ಒಂದು ಘಟನೆ ಬೇಕು, ಕೊನೆಯಲ್ಲಿ ಓದುಗ ಉಸಿರು ಹಿಡಿಯಬೇಕು. ಆಕೆಯ ಕಥೆ ಹಾಗಲ್ಲ. ಒಬ್ಬ ಗಿರಣಿ ಮಾಲೀಕ, ಒಬ್ಬ ಸ್ವಾಭಿಮಾನಿ ಹುಡುಗಿ, ಅವರಿಬ್ಬರ ಮನಸ್ಸು ಎಳೆಎಳೆಯಾಗಿ ತಿರುಗುವುದು. ಎಲ್ಲೆಲ್ಲಿ ಕತ್ತರಿಸಬೇಕೆಂದು ಅವನು ಗುರುತು ಹಾಕಿ ಕಳಿಸಿದ. ಆಕೆ ಕತ್ತರಿಸಲಿಲ್ಲ. ಪತ್ರಿಕೆಯ ಮಾರಾಟ ಇಳಿಯಿತು. ಹೀಗೆ ತುಂಡಾದ ಕಥೆ ಬೇಸರ ಹಿಡಿಸುತ್ತಿದೆ ಎಂದು ಅವನು ತನ್ನ ಸಹಾಯಕ ವಿಲ್ಸ್‌ಗೆ ದೂರಿದ. ಆ ಅಕ್ಟೋಬರಿನಲ್ಲಿ ಆಕೆ ಮನೆಯ ಗಲಾಟೆ ಬಿಟ್ಟು ಡರ್ಬಿಷೈರಿನಲ್ಲಿ ಫ್ಲಾರೆನ್ಸ್ ನೈಟಿಂಗೇಲಳ ಮನೆಯವರ ಬಂಗಲೆಗೆ ಹೋಗಿ ಬರೆದಳು. ಫ್ಲಾರೆನ್ಸ್ ಕ್ರಿಮಿಯಾದ ಗಾಯಾಳುಗಳ ಸೇವೆಗೆ ಹೊರಟದ್ದೂ ಅದೇ ತಿಂಗಳು. ಬಾಗಿಲು ಮುಚ್ಚಿಕೊಂಡು ಬರೆಯುವ ಸುಖ ಆಕೆಗೆ ಹೀಗೆ ಬೇರೆಯವರ ಮನೆಯಲ್ಲಿ ಸಿಕ್ಕಿತು. ಇಪ್ಪತ್ತು ಕಂತಿನ ಒಪ್ಪಂದ ಇಪ್ಪತ್ತೆರಡಕ್ಕೆ ಏರಿತು. ಆದರೂ ಕೊನೆ ನೂಕುನುಗ್ಗಲಾಯಿತು.

1855 ರಲ್ಲಿ ಪುಸ್ತಕ ಬಂದಾಗ ಆಕೆ ಎರಡು ಕೆಲಸ ಮಾಡಿದಳು. ವಾರಪತ್ರಿಕೆಯ ಕಟ್ಟಳೆಯಿಂದಾಗಿ ಕೊನೆಯ ಘಟನೆಗಳನ್ನು ಅಸಹಜ ವೇಗದಲ್ಲಿ ಓಡಿಸಬೇಕಾಯಿತೆಂದು ಮುನ್ನುಡಿಯಲ್ಲಿ ಹೇಳಿದಳು. ಮತ್ತು ಮಾರ್ಗರೆಟ್ ತನ್ನ ತವರೂರಿಗೆ ಮರಳಿ ಹೋಗಿ ಅದು ಬದಲಾಗಿರುವುದನ್ನು ನೋಡುವ ಅಧ್ಯಾಯವನ್ನು ಸೇರಿಸಿದಳು. ಕಾದಂಬರಿಯ ಅತ್ಯುತ್ತಮ ಭಾಗಗಳಲ್ಲಿ ಅದು ಒಂದು ಎಂದು ನನ್ನ ಅಭಿಪ್ರಾಯ. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಬೇರೊಂದು ಬರಹದ ತಕರಾರಿನಲ್ಲಿ, ತಾನು ಆಕೆಯ ಗಂಡನಾಗಿದ್ದರೆ ಹೇಗೆ ಹೊಡೆಯುತ್ತಿದ್ದೆನೆಂದು ಡಿಕನ್ಸ್ ವಿಲ್ಸ್‌ಗೆ ಬರೆದ. ತಮಾಷೆಗೇ ಬರೆದದ್ದಿರಬಹುದು. ಶಹರಜಾದೆ ಎಂದವನೂ ಅವನೇ.

ಇಷ್ಟೆಲ್ಲ ಆದಮೇಲೆ ಯಾರಾದರೂ ಸಲಹೆ ಕೇಳಿದರೆ ಆಕೆ ಏನೆನ್ನುತ್ತಿದ್ದಳು? ಎರಡು ಪತ್ರಗಳು ಉಳಿದಿವೆ. 1859 ರಲ್ಲಿ ಹರ್ಬರ್ಟ್ ಗ್ರೇ ಎಂಬ ತರುಣ ಲೇಖಕನಿಗೆ ಬರೆದದ್ದರಲ್ಲಿ ಕಥಾಹಂದರದ ಮಾತೇ ಮಾತು. ಚಿತ್ರಕಾರ ಮೈಮಾಂಸ ತುಂಬುವ ಮೊದಲು ಎಲುಬಿನ ಗೂಡನ್ನು ತಿಳಿದಿರುವಂತೆ ಮೊದಲು ಕಥೆಯ ಅಸ್ಥಿ ನೋಡಿಕೊ, ಅದಕ್ಕೆ ಶ್ರಮಪಡು, ಆಮೇಲೆ ಪ್ರತಿ ದೃಶ್ಯದಲ್ಲೂ ನೀನೇ ನಿಂತು ನೋಡುತ್ತಿರುವಂತೆ, ಕೇಳುತ್ತಿರುವಂತೆ ಬರೆ ಎನ್ನುತ್ತಾಳೆ. ಇನ್ನೊಂದು 1862 ರದು, ಕಾದಂಬರಿ ಬರೆದು ಕಳಿಸಿದ ಒಬ್ಬ ಎಳೆಯ ತಾಯಿಗೆ. ಇಲ್ಲಿ ಹಂದರ ಹಿಂದೆ ಸರಿದು, ಬಟ್ಟೆ ಹೇಗೆ ನೆನೆಹಾಕಿದರೆ ಒಗೆಯುವುದು ಹಗುರ ಎಂಬ ಮಾತು ಬರುತ್ತದೆ! ಮಕ್ಕಳು ಸಣ್ಣವರಿದ್ದಾಗ ನಾನೂ ಬರೆಯಲಾರದೆ ಹೋದೆ, ಕಥೆಯ ಜನರಲ್ಲಿ ಮುಳುಗಿದರೆ ಮನೆಯ ಜನರನ್ನು ನೋಡುವವರಾರು, ನಲವತ್ತರಲ್ಲಿ ಬರೆದರೆ ಇದಕ್ಕಿಂತ ಹತ್ತುಪಾಲು ಚೆನ್ನಾಗಿ ಬರೆಯುತ್ತೀ ಎಂದು ಸಮಾಧಾನ ಹೇಳುತ್ತಾಳೆ. ಗಂಡಸಿಗೆ ಎಲುಬಿನ ಗೂಡು, ಹೆಂಗಸಿಗೆ ಬಟ್ಟೆಯ ಗಂಟು ಎಂದು ನನ್ನ ವಿದ್ಯಾರ್ಥಿನಿಯೊಬ್ಬಳು ಸಿಟ್ಟಾಗಿದ್ದಳು. ನನಗೆ ಅಷ್ಟು ಸಿಟ್ಟು ಬರುವುದಿಲ್ಲ. ನಮ್ಮ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರ' 1963 ರಲ್ಲಿ ಬಂದಾಗ ಅವರಿಗೆ ನಲವತ್ತೈದು ದಾಟಿತ್ತು. 'ಫಣಿಯಮ್ಮ' ಬಂದದ್ದು 1976 ರಲ್ಲಿ. ಮನೆತನದಲ್ಲಿ ಬಾಯಿಂದ ಬಾಯಿಗೆ ಬಂದ ಒಬ್ಬ ಬಾಲವಿಧವೆಯ ನಿಜವಾದ ಬದುಕು ಅಷ್ಟು ಕಾಲ ಅವರೊಳಗೆ ಕಾದಿತ್ತು. ಆದರೆ ನಲವತ್ತು ಮುಟ್ಟುವ ಮೊದಲೇ ಹೋದವರ ಲೆಕ್ಕ ಯಾರಿಟ್ಟಿದ್ದಾರೆ ಎಂಬ ಆ ಹುಡುಗಿಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಕೊನೆಯ ಕಾದಂಬರಿ 'ವೈವ್ಸ್ ಅಂಡ್ ಡಾಟರ್ಸ್'ಗೆ ಆಕೆಗೆ ಬೇಕಾದ ಅವಕಾಶ ಸಿಕ್ಕಿತು. 'ಕಾರ್ನ್‌ಹಿಲ್' ಮಾಸಪತ್ರಿಕೆ, ಧಾರಾಳ ಪುಟಗಳು, ಕೆಣಕದ ಪ್ರಕಾಶಕ. 1864 ರ ಮೇ ತಿಂಗಳಲ್ಲಿ ಪ್ರಕಾಶಕ ಜಾರ್ಜ್ ಸ್ಮಿತ್‌ಗೆ ಬರೆದ ಪತ್ರದಲ್ಲಿ ಇಡೀ ಕಥೆಯ ಹಂದರವನ್ನು ಬಿಡಿಸಿ ಹೇಳುತ್ತಾಳೆ: ನಲವತ್ತು ವರ್ಷ ಹಿಂದಿನ ಸಣ್ಣ ಊರು, ವೈದ್ಯನ ಮಗಳು ಮಾಲಿ, ಮಲತಾಯಿ, ಆಕೆ ಕರೆತಂದ ಚೆಲುವೆ ಮಗಳು ಸಿಂಥಿಯಾ, ಅಣ್ಣತಮ್ಮಂದಿರಿಬ್ಬರು. ಈ ಬಾರಿ ಚುಕ್ಕಿ ಎಲ್ಲ ಸರಿಯಾಗಿ ಬಿದ್ದಿದ್ದವು. ಯಾರನ್ನೂ ಅವಸರದಲ್ಲಿ ಸಾಯಿಸಬೇಕಾಗಿರಲಿಲ್ಲ.

ಆ ಸಂಭಾವನೆಯನ್ನು ಗಂಡನ ಜೇಬಿಗೆ ಬಿಡದೆ, ಅವನಿಗೆ ತಿಳಿಸದೆಯೇ, ಅವನ ನಿವೃತ್ತಿಯ ಕಾಲಕ್ಕೆಂದು ಹ್ಯಾಂಪ್‌ಷೈರಿನ ಹೋಲಿಬೋರ್ನ್ ಎಂಬ ಹಳ್ಳಿಯಲ್ಲಿ ಒಂದು ಮನೆ ಕೊಂಡಳು. ಅಲ್ಲಿಂದ ಕೆಲವೇ ಮೈಲಿ ದೂರದ ಚಾಟನ್‌ನಲ್ಲಿ ಜೇನ್ ಆಸ್ಟಿನ್ ಇದ್ದ ಮನೆಯಿದೆ. 1816 ರ ಬೇಸಿಗೆಯಲ್ಲಿ ಜೇನ್ ಅಲ್ಲಿ 'ಪರ್ಸುಯೇಷನ್' ಮುಗಿಸಿ, ಕೊನೆ ಮನಸ್ಸಿಗೆ ಬಾರದೆ, ಕೆಲವೇ ವಾರಗಳಲ್ಲಿ ಅದನ್ನು ಹೊಡೆದು ಬೇರೆಯಾಗಿ ಬರೆದಳು. ಹೊಡೆದುಹಾಕಿದ ಆ ಹಾಳೆಗಳು ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿವೆ. ಅದಾದ ಮರುವರ್ಷವೇ ಜೇನ್ ತೀರಿಕೊಂಡಳು.

1865 ರ ನವೆಂಬರ್ 12, ಭಾನುವಾರ. ಹೊಸ ಮನೆಯಲ್ಲಿ ಹೆಣ್ಣುಮಕ್ಕಳೊಡನೆ ಸಂಜೆಯ ಚಹಾಕ್ಕೆ ಕುಳಿತು ಮಾತಾಡುತ್ತಿದ್ದವಳು ಮಾತಿನ ನಡುವೆಯೇ ಒರಗಿ ಪ್ರಾಣಬಿಟ್ಟಳು. ಐವತ್ತೈದು ವರ್ಷ. ಬರೆಯಲು ಉಳಿದದ್ದು ಕೊನೆಯ ಒಂದು ಕಂತು. 1866 ರ ಜನವರಿ ಸಂಚಿಕೆಯಲ್ಲಿ ಸಂಪಾದಕ ಫ್ರೆಡರಿಕ್ ಗ್ರೀನ್‌ವುಡ್, ಆಕೆ ಹೇಳಿದ್ದನ್ನು ಆಧರಿಸಿ, ಆಫ್ರಿಕಾದಿಂದ ರೋಜರ್ ಹಿಂದಿರುಗಿ ಮಾಲಿಯನ್ನು ಮದುವೆಯಾಗುತ್ತಿದ್ದನೆಂದು ಓದುಗರಿಗೆ ತಿಳಿಸಿದ. ತಾನಾಗಿ ಅಧ್ಯಾಯ ಬರೆದು ಸೇರಿಸಲಿಲ್ಲ, ಅದು ಅವನ ದೊಡ್ಡತನ. ಆಕೆಯ ಕೈಯಲ್ಲಿ ಬಂದ ಕೊನೆಯ ಸಾಲುಗಳಲ್ಲಿ ರೋಜರನೂ ಇಲ್ಲ, ಮದುವೆಯೂ ಇಲ್ಲ. ಮಲತಾಯಿ ಗಿಬ್ಸನ್ ಒಂದು ಹೊಸ ಶಾಲಿನ ಆಸೆಯನ್ನು ಹೇಳಿಕೊಳ್ಳುತ್ತಾ, ತನಗೆ ಚೆನ್ನಾಗಿ ಹೊದಿಸೆಂದು ಮಾಲಿಗೆ ಹೇಳಿ, ನಿದ್ದೆಗೆ ಜಾರುತ್ತಾಳೆ.